ಸಿ ಕೋಡ್‌ನಲ್ಲಿ ಸೆಕ್ಯುರಿಟಿ ತೂತು ಹುಡುಕುವುದು: ಫ್ಲಾಫೈಂಡರ್ ಓಡಿಸಿದ ಮೇಲೆ ಏನು ಮಾಡಬೇಕು?

ಯಾರೋ ಬರೆದು ಬಿಟ್ಟುಹೋದ ಸಿ ಕೋಡ್ ನಿಮ್ಮ ಕೈಗೆ ಬಂದಿದೆ. ಹತ್ತಿಪ್ಪತ್ತು ಸಾವಿರ ಸಾಲು ಇದೆ. ಅದರಲ್ಲಿ ಸೆಕ್ಯುರಿಟಿ ತೊಂದರೆ ಏನಾದರೂ ಇದೆಯಾ ನೋಡಿ ಅಂದಿದ್ದಾರೆ. ಎಲ್ಲಿಂದ ಶುರು ಮಾಡುತ್ತೀರಿ?

ನಾನಾದರೆ ಫ್ಲಾಫೈಂಡರ್‌ನಿಂದ ಶುರು ಮಾಡುತ್ತೇನೆ. ಅಪಾಯ ತರಬಲ್ಲ ಫಂಕ್ಷನ್‌ಗಳನ್ನು ಹೆಸರು ಹಿಡಿದು ಕೋಡ್‌ನಲ್ಲಿ ಹುಡುಕಿ ತೋರಿಸುವ ಟೂಲ್ ಅದು. ಅದಕ್ಕಿಂತ ಜಾಣ ಟೂಲ್‌ಗಳು ಬೇಕಾದಷ್ಟಿವೆ, ಕೊನೆಯಲ್ಲಿ ಅವುಗಳ ಬಗ್ಗೆಯೂ ಹೇಳುತ್ತೇನೆ. ಆದರೆ ಇದಕ್ಕೆ ಕೋಡ್ ಕಂಪೈಲ್ ಆಗಲೇಬೇಕು ಅಂತಿಲ್ಲ. ಹೆಡರ್ ಫೈಲ್ ಕಾಣೆಯಾಗಿರಲಿ, ಬೇರೆ ಯಾವುದೋ ಬೋರ್ಡಿಗೆ ಬರೆದ ಕೋಡ್ ಆಗಿರಲಿ, ಅರ್ಧ ಮಾತ್ರ ಸಿಕ್ಕಿರಲಿ, ಅದರ ಪಾಡಿಗೆ ಅದು ಓದಿಕೊಂಡು ಹೋಗುತ್ತದೆ. ಡೇವಿಡ್ ವೀಲರ್ ಅನ್ನುವವರು 2001ರಲ್ಲಿ ಇದನ್ನು ಹೊರಗೆ ಬಿಟ್ಟರು. ಪೈಥಾನ್‌ನಲ್ಲಿದೆ, ಉಚಿತ, ಸೋರ್ಸ್ ಕೂಡ ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡು, ಫಂಕ್ಷನ್ ಹೆಸರು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಉಬುಂಟು ಅಥವಾ ಡೆಬಿಯನ್ ಇದ್ದರೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಫ್ಲಾಫೈಂಡರ್

ಬೇರೆ ಕಡೆ:

ಪಿಪ್ ಇನ್‌ಸ್ಟಾಲ್ ಫ್ಲಾಫೈಂಡರ್

ಆಮೇಲೆ ಕೋಡ್ ಇರುವ ಫೋಲ್ಡರ್ ಹೆಸರು ಕೊಟ್ಟರೆ ಸಾಕು, ಒಳಗಿನ ಸಿ ಮತ್ತು ಸಿ++ ಫೈಲ್‌ಗಳನ್ನೆಲ್ಲ ಅದೇ ಹುಡುಕಿಕೊಳ್ಳುತ್ತದೆ:

ಫ್ಲಾಫೈಂಡರ್ --ಕಾಂಟೆಕ್ಸ್ಟ್ ./ಸೋರ್ಸ್

ಕಾಂಟೆಕ್ಸ್ಟ್ ಅಂತ ಕೊಟ್ಟರೆ ಪ್ರತಿ ಹಿಟ್ (ಅಂದರೆ ಅದಕ್ಕೆ ಅನುಮಾನ ಬಂದ ಜಾಗ) ಜೊತೆ ಆ ಸಾಲನ್ನೂ ತೋರಿಸುತ್ತದೆ. ಇಲ್ಲದಿದ್ದರೆ ಫೈಲ್ ಹೆಸರು, ಸಾಲಿನ ನಂಬರ್ ನೋಡಿಕೊಂಡು ಎಡಿಟರ್‌ಗೆ ಹೋಗಿ ಬಂದು ಸುಸ್ತಾಗುತ್ತೀರಿ.

ಈಗ ಒಂದು ಚಿಕ್ಕ ಫಂಕ್ಷನ್ ಹಿಡಿದು ನೋಡೋಣ. ವೆಬ್ ಫಾರ್ಮ್‌ನಿಂದ ಬಂದ ಹೆಸರನ್ನು ತೆಗೆದುಕೊಂಡು ಸ್ವಾಗತ ಹೇಳುವ ಕೋಡ್ ಅಂದುಕೊಳ್ಳಿ.

ವಾಯ್ಡ್ ಸ್ವಾಗತ(ಚಾರ್ *ಹೆಸರು)
{
    ಚಾರ್ ಸಾಲು[64];
    ಸ್ಪ್ರಿಂಟ್‌ಎಫ್(ಸಾಲು, "ನಮಸ್ಕಾರ %ಎಸ್", ಹೆಸರು);
    ಪ್ರಿಂಟ್‌ಎಫ್(ಸಾಲು);
}

ಇಷ್ಟಕ್ಕೇ ಮೂರು ಹಿಟ್ ಬರುತ್ತವೆ. ಸ್ಪ್ರಿಂಟ್‌ಎಫ್ ಸಾಲಿಗೆ ಲೆವೆಲ್ 4, ಸಿಡಬ್ಲ್ಯುಇ-120, ಅಂದರೆ ಉದ್ದ ನೋಡದೆ ಬಫರ್‌ಗೆ (ಡೇಟಾ ಇಡಲು ತೆಗೆದಿಟ್ಟ ಮೆಮೊರಿ ಜಾಗಕ್ಕೆ) ತುಂಬುವುದು. ಪ್ರಿಂಟ್‌ಎಫ್ ಸಾಲಿಗೂ ಲೆವೆಲ್ 4, ಸಿಡಬ್ಲ್ಯುಇ-134, ಅಂದರೆ ಫಾರ್ಮ್ಯಾಟ್ ಸ್ಟ್ರಿಂಗ್ ಹೊರಗಿನವರ ಕೈಗೆ ಸಿಗುವುದು. 64ರ ಅರೇಗೆ ಲೆವೆಲ್ 2, ಅದು ಬರೀ ಎಚ್ಚರಿಕೆ. ಲೆವೆಲ್ ಅನ್ನುವುದು 0ಯಿಂದ 5ರವರೆಗೆ ಹೋಗುತ್ತದೆ, ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ ಅಂತ ಟೂಲ್‌ನ ಅಂದಾಜು. ಸಿಡಬ್ಲ್ಯುಇ ನಂಬರ್‌ಗಳು ಮೈಟರ್ ಸಂಸ್ಥೆ ನಡೆಸುವ ಪಟ್ಟಿಯವು. ಆ ನಂಬರ್ ಹಾಕಿ ಹುಡುಕಿದರೆ ಆ ತರಹದ ತಪ್ಪಿನ ವಿವರ, ಉದಾಹರಣೆ, ಸರಿ ಮಾಡುವ ದಾರಿ ಎಲ್ಲ ಸಿಗುತ್ತದೆ.

ಮೊದಲ ಹಿಟ್ ಸ್ವಲ್ಪ ಕೂತು ನೋಡಿ, ಇದರಲ್ಲಿ ಕನ್ನಡದವರಿಗೆ ಒಂದು ವಿಶೇಷವಿದೆ. 64 ಬೈಟ್ ಅಂದ ತಕ್ಷಣ 64 ಅಕ್ಷರ ಅಂದುಕೊಳ್ಳುತ್ತೇವೆ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ (ಅಕ್ಷರ ಅಥವಾ ಗುರುತಿಗೆ ಇರುವ ಯೂನಿಕೋಡ್ ನಂಬರ್) 3 ಬೈಟ್ ಬೇಕು, ಒತ್ತಕ್ಷರ, ಗುಣಿತದ ಗುರುತುಗಳಿಗೂ ಬೇರೆ ಬೇರೆಯಾಗಿಯೇ ಲೆಕ್ಕ. ‘ನಮಸ್ಕಾರ’ ಅನ್ನುವುದರಲ್ಲಿ 7 ಕೋಡ್ ಪಾಯಿಂಟ್, ಅಂದರೆ 21 ಬೈಟ್. ಒಂದು ಸ್ಪೇಸ್, ಕೊನೆಯಲ್ಲಿ ಸೊನ್ನೆ ಬೈಟ್. ಹೆಸರಿಗೆ ಉಳಿದಿದ್ದು 41 ಬೈಟ್ ಮಾತ್ರ. ಈಗ ‘ಚನ್ನಬಸವೇಶ್ವರಯ್ಯ’ ಅಂತ ಒಬ್ಬರು ಟೈಪ್ ಮಾಡುತ್ತಾರೆ. 15 ಕೋಡ್ ಪಾಯಿಂಟ್, 45 ಬೈಟ್. ಒಟ್ಟು 68 ಆಯಿತು, 4 ಬೈಟ್ ಬಫರ್‌ನಿಂದ ಆಚೆ ಚೆಲ್ಲಿತು. ಇಲ್ಲಿ ಯಾವ ಹ್ಯಾಕರೂ ಇಲ್ಲ. ಒಬ್ಬ ಹಿರಿಯರು ತಮ್ಮ ಹೆಸರು ಬರೆದರು, ಅಷ್ಟೇ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ಸರಿ ಮಾಡುವುದು ಹೇಗೆ? ಎಸ್‌ಎನ್‌ಪ್ರಿಂಟ್‌ಎಫ್ ಹಾಕಿ, ಬಫರ್‌ನ ಅಳತೆ ಕೊಡಿ. ಓವರ್‌ಫ್ಲೋ ನಿಂತಿತು. ಆದರೆ ಈಗ ಹೆಸರು ಮಧ್ಯದಲ್ಲೇ ಕತ್ತರಿಸಿಹೋಗುತ್ತದೆ, ಅದೂ ಒಂದು ಅಕ್ಷರದ 3 ಬೈಟ್‌ನಲ್ಲಿ 2 ಉಳಿದು 1 ಹೋಗುತ್ತದೆ, ಮುಂದೆ ಅದನ್ನು ಓದುವ ಪ್ರೋಗ್ರಾಂ ತಬ್ಬಿಬ್ಬಾಗುತ್ತದೆ. ಅದಕ್ಕೇ ಎಸ್‌ಎನ್‌ಪ್ರಿಂಟ್‌ಎಫ್ ವಾಪಸ್ ಕೊಡುವ ಸಂಖ್ಯೆಯನ್ನು ನೋಡಲೇಬೇಕು. ಅದು ಬಫರ್‌ನ ಅಳತೆಗೆ ಸಮ ಅಥವಾ ಜಾಸ್ತಿ ಇದ್ದರೆ ಜಾಗ ಸಾಲಲಿಲ್ಲ ಅಂತ ಅರ್ಥ. ಆಗ ದೊಡ್ಡ ಬಫರ್ ತೆಗೆದುಕೊಳ್ಳಿ, ಇಲ್ಲವೇ ಎರರ್ ಕೊಡಿ.

ಎರಡನೆಯದು ಸುಲಭ. ಪ್ರಿಂಟ್‌ಎಫ್(ಸಾಲು) ಅಂತ ಇದ್ದದ್ದನ್ನು ಪ್ರಿಂಟ್‌ಎಫ್("%ಎಸ್", ಸಾಲು) ಮಾಡಿ. ಹೆಸರಿನ ಜಾಗದಲ್ಲಿ ಯಾರಾದರೂ %ಎಕ್ಸ್ %ಎಕ್ಸ್ ಅಂತ ಕಳಿಸಿದರೆ ಸ್ಟ್ಯಾಕ್‌ನಲ್ಲಿರುವುದು ಹೊರಗೆ ಬರುತ್ತದೆ, %ಎನ್ ಕಳಿಸಿದರೆ ಮೆಮೊರಿಗೆ ಬರೆಯುವುದಕ್ಕೂ ಆಗುತ್ತದೆ. 2000ದಲ್ಲಿ ಡಬ್ಲ್ಯುಯು-ಎಫ್‌ಟಿಪಿಡಿ ಅನ್ನುವ ಫೈಲ್ ಸರ್ವರ್‌ಗಳಿಗೆ ನುಗ್ಗಿದ್ದು ಇದೇ ದಾರಿಯಲ್ಲಿ.

ಲೆವೆಲ್ ನಂಬಿ ಕೂರಬೇಡಿ

ದೊಡ್ಡ ಕೋಡ್ ಮೇಲೆ ಓಡಿಸಿದರೆ ನೂರಾರು ಹಿಟ್ ಸುರಿಯುತ್ತವೆ. ಆಗ ಎಲ್ಲರೂ ಮಾಡುವ ಕೆಲಸ ಅಂದರೆ --ಮಿನ್‌ಲೆವೆಲ್=4 ಅಂತ ಹಾಕಿ, ಮೇಲಿನ ಹತ್ತಿಪ್ಪತ್ತನ್ನು ಸರಿ ಮಾಡಿ, ಮುಗಿಯಿತು ಅನ್ನುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನಿಂದ ಶುರು ಮಾಡುವುದು ಸರಿ, ಅಲ್ಲೇ ನಿಲ್ಲಿಸುವುದು ತಪ್ಪು.

ಲೆವೆಲ್ 5ಕ್ಕೆ ಹೆಸರಾದದ್ದು ಗೆಟ್ಸ್. ಅದು ಎಷ್ಟು ಬೈಟ್ ಬಂತು ಅಂತ ನೋಡುವುದೇ ಇಲ್ಲ. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್, ಫಿಂಗರ್ ಸರ್ವರ್‌ನ 512 ಬೈಟ್ ಬಫರ್‌ಗೆ 536 ಬೈಟ್ ಕಳಿಸಿ ಒಳಗೆ ಹೋಗಿದ್ದು ಗೆಟ್ಸ್ ಮೂಲಕವೇ. 2011ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಅದನ್ನು ಕಿತ್ತೇ ಹಾಕಿದರು. ನಮ್ಮಲ್ಲಿ ಲ್ಯಾಬ್‌ನಲ್ಲಿ ಸಿ ಕಲಿತವರ ಕೈಗೆ ಮಾತ್ರ ಅದು ಇನ್ನೂ ಅಭ್ಯಾಸವಾಗಿದೆ. ಎಲ್ಲಿ ಕಂಡರೂ ಯೋಚನೆ ಮಾಡದೆ ಎಫ್‌ಗೆಟ್ಸ್ ಮಾಡಿ, ವಾದವೇ ಬೇಡ.

ಈಗ ಲೆವೆಲ್ 2ಕ್ಕೆ ಬನ್ನಿ. ಮೆಮ್‌ಕಾಪಿ ಇರುವುದು ಇಲ್ಲಿ. ಮೆಮ್‌ಕಾಪಿಗೆ ಉದ್ದ ಕೊಡುತ್ತೇವಲ್ಲ, ಹಾಗಾಗಿ ಅಪಾಯ ಕಡಿಮೆ ಅಂತ ಟೂಲ್‌ನ ಲೆಕ್ಕ. 2014ರ ಏಪ್ರಿಲ್‌ನಲ್ಲಿ ಜಗತ್ತನ್ನೇ ನಡುಗಿಸಿದ ಹಾರ್ಟ್‌ಬ್ಲೀಡ್ ಅನ್ನುವ ತೂತು ಇದ್ದದ್ದು ಇಂಥದೇ ಒಂದು ಸಾಲಿನಲ್ಲಿ:

ಮೆಮ್‌ಕಾಪಿ(ಬಿಪಿ, ಪಿಎಲ್, ಪೇಲೋಡ್);

ಸರ್ವರ್‌ಗಳ ಸಂಪರ್ಕವನ್ನು ಗುಟ್ಟಾಗಿಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ, 1.0.1ರಿಂದ 1.0.1ಎಫ್‌ವರೆಗೆ ಇದು ಹಾಗೇ ಇತ್ತು. ಆಚೆ ಕಡೆಯವರು ‘ನಾನು ಬದುಕಿದ್ದೇನೆ, ನೀನು?’ ಅಂತ ಕೇಳಲು ಸ್ವಲ್ಪ ಡೇಟಾ ಕಳಿಸುತ್ತಾರೆ, ಅದರ ಉದ್ದ ಇಷ್ಟು ಅಂತ 2 ಬೈಟ್‌ನಲ್ಲಿ ಅವರೇ ಬರೆದಿರುತ್ತಾರೆ, ಸರ್ವರ್ ಅಷ್ಟನ್ನೇ ವಾಪಸ್ ಕಳಿಸಬೇಕು. ಪೇಲೋಡ್ ಅನ್ನುವ ವೇರಿಯಬಲ್‌ನಲ್ಲಿ ಇದ್ದದ್ದು ಅವರು ಬರೆದ ಆ ಉದ್ದ. ಕಳಿಸಿದ್ದು 1 ಬೈಟ್, ಬರೆದದ್ದು 65535. ಸರ್ವರ್ ನಂಬಿತು. ಪಕ್ಕದ ಮೆಮೊರಿಯಲ್ಲಿ ಏನಿತ್ತೋ, ಪಾಸ್‌ವರ್ಡೋ, ಕೀಲಿಯೋ, ಅದನ್ನೂ ಸೇರಿಸಿ ಸುಮಾರು 64 ಕೆಬಿ ಕಳಿಸಿತು.

ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸುವುದು ಒಂದು ವಿಷಯ. ಮೆಮ್‌ಕಾಪಿ ಕಂಡರೆ ಫ್ಲಾಫೈಂಡರ್ ಹೇಳುವುದು ‘ತುಂಬಿಸುವ ಕಡೆ ಜಾಗ ಸಾಕಷ್ಟಿದೆಯಾ ನೋಡಿ’ ಅಂತ. ಹಾರ್ಟ್‌ಬ್ಲೀಡ್‌ನಲ್ಲಿ ತುಂಬಿಸುವ ಕಡೆ ಸರಿಯಾಗಿಯೇ ಇತ್ತು! ಅದೇ ಪೇಲೋಡ್ ಲೆಕ್ಕ ಹಿಡಿದು ಮ್ಯಾಲಾಕ್ ಮಾಡಿದ್ದರು, ಜಾಗ ಬೇಕಾದಷ್ಟಿತ್ತು. ಕಡಿಮೆ ಇದ್ದದ್ದು ಡೇಟಾವನ್ನು ಎಲ್ಲಿಂದ ಎತ್ತುತ್ತದೋ ಆ ಕಡೆ. ಟೂಲ್ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಿದವರು ‘ಸರಿ ಇದೆ’ ಅಂತ ಟಿಕ್ ಹಾಕಿ ಮುಂದೆ ಹೋಗುತ್ತಿದ್ದರು. 1.0.1ಜಿಯಲ್ಲಿ ಸರಿ ಮಾಡಿದ್ದೂ ಒಂದು ಚಿಕ್ಕ ಹೋಲಿಕೆಯಿಂದ: 1 + 2 + ಪೇಲೋಡ್ + 16 (ಸಂದೇಶದ ಬಗೆ, ಉದ್ದ, ಡೇಟಾ, ಕೊನೆಯ ಪ್ಯಾಡಿಂಗ್) ಅನ್ನುವುದು ನಿಜವಾಗಿ ಬಂದ ರೆಕಾರ್ಡ್‌ನ ಉದ್ದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಬಿಟ್ಟುಬಿಡು.

ಹಾಗಾಗಿ ಪ್ರತಿ ಹಿಟ್‌ಗೂ ನೀವು ಕೇಳಬೇಕಾದ ಪ್ರಶ್ನೆ ಟೂಲ್ ಕೇಳುವ ಪ್ರಶ್ನೆಗಿಂತ ದೊಡ್ಡದು: ಈ ಉದ್ದವನ್ನು ಯಾರು ಹೇಳಿದರು? ಆ ವೇರಿಯಬಲ್ ಹಿಡಿದು ಹಿಂದಕ್ಕೆ ಹೋಗಿ. ಅದನ್ನು ಕೊಟ್ಟ ಫಂಕ್ಷನ್‌ಗೆ ಹೋಗಿ, ಅದನ್ನು ಕರೆದವರ ಹತ್ತಿರ ಹೋಗಿ. ಕೊನೆಗೆ ನಿಮ್ಮ ಕೋಡ್‌ನಲ್ಲೇ ಇರುವ ಸ್ಥಿರ ಸಂಖ್ಯೆ ಸಿಕ್ಕರೆ ಸಮಾಧಾನ. ನೆಟ್‌ವರ್ಕ್, ಫೈಲ್, ಆರ್ಗ್‌ವಿ, ಎನ್ವಿರಾನ್‌ಮೆಂಟ್ ವೇರಿಯಬಲ್ ಸಿಕ್ಕರೆ, ದಾರಿಯಲ್ಲಿ ಎಲ್ಲಾದರೂ ಒಂದು ಚೆಕ್ ಇದೆಯಾ ನೋಡಿ, ಎರಡೂ ಕಡೆಯ ಅಳತೆಗೆ ಚೆಕ್ ಇದೆಯಾ ನೋಡಿ. ಇಲ್ಲದಿದ್ದರೆ ಲೆವೆಲ್ 1 ಇದ್ದರೂ ಅದೇ ಮೊದಲ ಕೆಲಸ.

ಇದಕ್ಕೆ ಫ್ಲಾಫೈಂಡರ್‌ನಲ್ಲೇ ಒಂದು ಒಳ್ಳೇ ಆಪ್ಷನ್ ಇದೆ, ಜಾಸ್ತಿ ಜನ ಬಳಸುವುದಿಲ್ಲ. --ಇನ್‌ಪುಟ್ಸ್ ಅಂತ ಕೊಟ್ಟರೆ ಹೊರಗಿನಿಂದ ಡೇಟಾ ತರುವ ಫಂಕ್ಷನ್‌ಗಳನ್ನು ಮಾತ್ರ ತೋರಿಸುತ್ತದೆ. ಹೊಸ ಕೋಡ್ ಸಿಕ್ಕಾಗ ನಾನು ಇದನ್ನೇ ಮೊದಲು ಓಡಿಸಿ, ಬಂದ ಪಟ್ಟಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಮನೆಗೆ ಎಷ್ಟು ಬಾಗಿಲಿದೆ ಅಂತ ಗೊತ್ತಾದ ಮೇಲೆ ಒಳಗೆ ಹುಡುಕುವುದು ಸುಲಭ, ಅಲ್ವಾ?

ಸರಿ ಮಾಡಿದೆ ಅಂದುಕೊಂಡ ಮೇಲೆ ಉಳಿಯುವ ತೊಂದರೆಗಳು

ಸ್ಟ್ರ್‌ಕಾಪಿ ಹಿಟ್ ಬಂತು, ಸ್ಟ್ರ್‌ಎನ್‌ಕಾಪಿ ಹಾಕಿದೆ, ಆಯಿತು. ಇದು ಎಲ್ಲ ಕಡೆ ಕಾಣುವ ಸರಿಪಡಿಕೆ, ಮತ್ತು ಇದು ಅರ್ಧ ಕೆಲಸ. ಮೂಲದ ಸ್ಟ್ರಿಂಗ್ ನೀವು ಕೊಟ್ಟ ಅಳತೆಯಷ್ಟೇ ಅಥವಾ ಅದಕ್ಕಿಂತ ಉದ್ದ ಇದ್ದರೆ ಸ್ಟ್ರ್‌ಎನ್‌ಕಾಪಿ ಕೊನೆಯಲ್ಲಿ ಸೊನ್ನೆ ಬೈಟ್ ಹಾಕುವುದೇ ಇಲ್ಲ. ಮುಂದೆ ಯಾರೋ ಅದರ ಮೇಲೆ ಸ್ಟ್ರ್‌ಲೆನ್ ಕರೆದಾಗ ಬಫರ್ ದಾಟಿ ಓದುತ್ತಾ ಹೋಗುತ್ತದೆ.

ಇನ್ನೊಂದು, ಸೈಝ್‌ಆಫ್. ಅರೇ ಮೇಲೆ ಹಾಕಿದರೆ ಅರೇ ಅಳತೆ ಬರುತ್ತದೆ. ಅದೇ ಅರೇಯನ್ನು ಫಂಕ್ಷನ್‌ಗೆ ಕಳಿಸಿ, ಒಳಗೆ ಸೈಝ್‌ಆಫ್ ಹಾಕಿದರೆ ಸಿಗುವುದು ಪಾಯಿಂಟರ್ ಅಳತೆ, 64 ಬಿಟ್ ಮಷೀನ್‌ನಲ್ಲಿ 8. ಫ್ಲಾಫೈಂಡರ್‌ಗೆ ಟೈಪ್ ಗೊತ್ತಾಗುವುದಿಲ್ಲ, ಹಾಗಾಗಿ ಇದು ಅದರ ಕಣ್ಣಿಗೆ ಬೀಳುವುದಿಲ್ಲ.

ಎಸ್‌ಎನ್‌ಪ್ರಿಂಟ್‌ಎಫ್‌ನಲ್ಲೂ ಒಂದು ಹಳ್ಳ ಇದೆ. ಒಂದೇ ಬಫರ್‌ಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ವಾಪಸ್ ಬಂದ ಸಂಖ್ಯೆಯನ್ನು ಜಾಗಕ್ಕೆ ಕೂಡಿಸುತ್ತಾ ಹೋಗುವ ಕೋಡ್ ನೋಡಿರುತ್ತೀರಿ. ಅದು ವಾಪಸ್ ಕೊಡುವುದು ಬರೆದ ಬೈಟ್‌ಗಳ ಲೆಕ್ಕ ಅಲ್ಲ, ಜಾಗ ಇದ್ದಿದ್ದರೆ ಬರೆಯುತ್ತಿದ್ದ ಲೆಕ್ಕ. ಹೀಗೆ ಕೂಡಿಸುತ್ತಾ ಜಾಗ ಬಫರ್ ದಾಟಿತು ಅನ್ನಿ, ಉಳಿದ ಅಳತೆ ಅಂತ ಮಾಡುವ ಕಳೆಯುವ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗಬೇಕು, ಆದರೆ ಸೈಝ್_ಟಿ ಅನ್‌ಸೈನ್ಡ್ ಆದ್ದರಿಂದ ಅದು ಬೃಹತ್ ಸಂಖ್ಯೆ ಆಗುತ್ತದೆ. ಆಮೇಲೆ ಯಾವ ತಡೆಯೂ ಇಲ್ಲ.

ಮ್ಯಾಲಾಕ್ ಒಳಗಿನ ಗುಣಾಕಾರವನ್ನೂ ನೋಡಿ. ಲೆಕ್ಕ 32 ಬಿಟ್‌ನಲ್ಲಿ ನಡೆಯುವ ಕಡೆ ಯಾರೋ 1073741825 ಎಂಟ್ರಿ ಇದೆ ಅಂತ ಹೇಳಿದರು, ಒಂದೊಂದಕ್ಕೆ 4 ಬೈಟ್. ಗುಣಿಸಿದರೆ ಸುತ್ತು ಹೊಡೆದು 4 ಬರುತ್ತದೆ. ಸಿಕ್ಕಿದ್ದು 4 ಬೈಟ್, ಲೂಪ್ ಬರೆಯುವುದು ನೂರು ಕೋಟಿ ಸಲಕ್ಕಿಂತ ಜಾಸ್ತಿ. ಕ್ಯಾಲಾಕ್ ಬಳಸಿದರೆ ಆ ಗುಣಾಕಾರವನ್ನು ಅದೇ ನೋಡಿಕೊಳ್ಳುತ್ತದೆ.

ಆಕ್ಸೆಸ್ ಅಂತ ಲೆವೆಲ್ 4 ಹಿಟ್ ಬಂದರೆ, ಮೊದಲು ಅನುಮತಿ ನೋಡಿ ಆಮೇಲೆ ಓಪನ್ ಮಾಡುವ ಕೋಡ್ ಇರುತ್ತದೆ. ಆ ಎರಡರ ನಡುವೆ ಯಾರಾದರೂ ಫೈಲ್ ಜಾಗದಲ್ಲಿ ಸಿಮ್‌ಲಿಂಕ್ (ಬೇರೆ ಫೈಲ್‌ಗೆ ಕರೆದೊಯ್ಯುವ ಕೊಂಡಿ) ಇಟ್ಟರೆ ಕಥೆ ಮುಗಿಯಿತು. ನೇರವಾಗಿ ಓಪನ್ ಮಾಡಿ, ಆಗದಿದ್ದರೆ ಎರರ್ ನೋಡಿಕೊಳ್ಳಿ. ತಾತ್ಕಾಲಿಕ ಫೈಲ್‌ಗೆ ಎಂಕೆಟೆಂಪ್ ಬಳಸಿದ್ದು ಕಂಡರೆ ಎಂಕೆಎಸ್‌ಟೆಂಪ್ ಮಾಡಿ. ಶೆಲ್ ಕಮಾಂಡ್ ಓಡಿಸುವ ಸಿಸ್ಟಮ್, ಪಿಓಪನ್ ಕಂಡರೆ ಹೊರಗಿನವರ ಸ್ಟ್ರಿಂಗ್ ಅದರೊಳಗೆ ಸೇರುತ್ತದೆಯಾ ನೋಡಿ.

ಬೇಡದ ಹಿಟ್‌ಗಳನ್ನು ಏನು ಮಾಡುವುದು?

ಓದಿ, ಅರ್ಥ ಮಾಡಿಕೊಂಡು, ಇದು ತೊಂದರೆ ಅಲ್ಲ ಅಂತ ಖಾತ್ರಿಯಾದರೆ ಆ ಸಾಲಿನ ಕೊನೆಗೆ ಅಥವಾ ಅದರ ಹಿಂದಿನ ಸಾಲಿನಲ್ಲಿ ‘ಫ್ಲಾಫೈಂಡರ್: ಇಗ್ನೋರ್’ ಅಂತ ಕಾಮೆಂಟ್ ಹಾಕಬಹುದು, ಮುಂದಿನ ಸಲ ಅದು ಸುಮ್ಮನಿರುತ್ತದೆ. ಆದರೆ ಬರೀ ಇಗ್ನೋರ್ ಅಂತ ಹಾಕಬೇಡಿ. ಯಾಕೆ ಸರಿ ಇದೆ ಅನ್ನುವುದನ್ನು ಪಕ್ಕದಲ್ಲೇ ಇನ್ನೊಂದು ಕಾಮೆಂಟ್‌ನಲ್ಲಿ ಬರೆಯಿರಿ: ‘ಉದ್ದವನ್ನು ಮೇಲಿನ ಫಂಕ್ಷನ್‌ನಲ್ಲಿ ನೋಡಿದೆ, 128ಕ್ಕಿಂತ ಜಾಸ್ತಿ ಬರುವುದಿಲ್ಲ’ ಅಂತ. ಎರಡು ವರ್ಷದ ಮೇಲೆ ಇನ್ನೊಬ್ಬರು ಆ ಮೇಲಿನ ಚೆಕ್ ತೆಗೆದುಹಾಕಿದರೆ, ಈ ಸಾಲು ಓದುವವರಿಗೆ ಎಚ್ಚರ ಆಗುವುದು ಆ ಕಾಮೆಂಟ್‌ನಿಂದಲೇ. ಬೇರೆಯವರ ಕೋಡ್ ನೋಡುತ್ತಿದ್ದರೆ --ನೆವರ್‌ಇಗ್ನೋರ್ ಹಾಕಿ ಓಡಿಸಿ, ಅವರು ಬಾಯಿ ಮುಚ್ಚಿಸಿದ ಹಿಟ್‌ಗಳೂ ಹೊರಗೆ ಬರುತ್ತವೆ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದ ಜಾಗ ಅದೇ.

ಹಳೇ ಕೋಡ್‌ನಲ್ಲಿ ಎಲ್ಲವನ್ನೂ ಒಂದೇ ಸಲ ನೋಡಲು ಆಗುವುದಿಲ್ಲ. ಆಗ ಇವತ್ತಿನ ಪಟ್ಟಿಯನ್ನು --ಸೇವ್‌ಹಿಟ್‌ಲಿಸ್ಟ್ ಹಾಕಿ ಉಳಿಸಿ, ನಾಳೆಯಿಂದ --ಡಿಫ್‌ಹಿಟ್‌ಲಿಸ್ಟ್ ಹಾಕಿ ಹೊಸದಾಗಿ ಸೇರಿದ್ದನ್ನು ಮಾತ್ರ ನೋಡಿ. ಬೇರೆಯವರು ಕಳಿಸಿದ ಹಿಟ್‌ಲಿಸ್ಟ್ ಫೈಲ್ ಮಾತ್ರ ತೆರೆಯಬೇಡಿ. ಅದು ಪೈಥಾನ್‌ನ ಪಿಕಲ್ ರೂಪದಲ್ಲಿರುತ್ತದೆ, ಒಳಗೆ ಕೆಟ್ಟ ಕೋಡ್ ಇಡಬಹುದು. ಒಂದು ಪ್ಯಾಚ್ ಮಾತ್ರ ರಿವ್ಯೂ ಮಾಡುವುದಿದ್ದರೆ --ಪ್ಯಾಚ್ ಆಪ್ಷನ್‌ಗೆ ಡಿಫ್ ಫೈಲ್ ಕೊಡಿ, ಬದಲಾದ ಸಾಲುಗಳ ಹಿಟ್ ಅಷ್ಟೇ ಬರುತ್ತವೆ.

ಫ್ಲಾಫೈಂಡರ್‌ಗೆ ಕಾಣದ್ದಕ್ಕೆ ಬೇರೆ ಟೂಲ್

ಇದು ಹೆಸರು ಹಿಡಿದು ಹುಡುಕುವ ಟೂಲ್. ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟುವುದು, ಎರಡು ಸಲ ಫ್ರೀ ಮಾಡುವುದು, ನಲ್ ಚೆಕ್ ಮರೆಯುವುದು, ಇವೆಲ್ಲ ಅದಕ್ಕೆ ಗೊತ್ತಾಗುವುದಿಲ್ಲ. ಕೋಡ್ ಕಂಪೈಲ್ ಆಗುತ್ತದೆ ಅಂದರೆ ಮುಂದಿನ ಹೆಜ್ಜೆ ನಿಮ್ಮ ಕಂಪೈಲರ್. ಜಿಸಿಸಿಗೆ -ಡಬ್ಲ್ಯುಆಲ್ -ಡಬ್ಲ್ಯುಎಕ್ಸ್‌ಟ್ರಾ -ಡಬ್ಲ್ಯುಫಾರ್ಮ್ಯಾಟ್=2 ಕೊಟ್ಟು ಮೊದಲು ವಾರ್ನಿಂಗ್‌ಗಳನ್ನು ಓದಿ. ಮೇಲೆ ಹೇಳಿದ ಸೈಝ್‌ಆಫ್ ತಪ್ಪುಗಳಲ್ಲಿ ಎಷ್ಟೋ ಇಲ್ಲೇ ಸಿಗುತ್ತವೆ. ಜಿಸಿಸಿ 10ರಿಂದ, ಅಂದರೆ 2020ರಿಂದ, -ಎಫ್‌ಅನಲೈಝರ್ ಅನ್ನುವುದೂ ಬಂದಿದೆ. ಅದು ಕೋಡ್ ಓಡುವ ದಾರಿಗಳನ್ನು ಒಂದೊಂದಾಗಿ ಹಿಡಿದು, ಇಲ್ಲಿ ಫ್ರೀ ಆಯಿತು, ಈ ಇಫ್ ಒಳಗೆ ಹೋಯಿತು, ಅಲ್ಲಿ ಮತ್ತೆ ಬಳಸಿದೆ ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಕ್ಲ್ಯಾಂಗ್ ಬಳಸುವವರು ‘ಸ್ಕ್ಯಾನ್-ಬಿಲ್ಡ್ ಮೇಕ್’ ಅಂತ ಓಡಿಸಿದರೆ ಅಂಥದೇ ವರದಿ ಬ್ರೌಸರ್‌ನಲ್ಲಿ ನೋಡಬಹುದು. ಸಿಪಿಪಿಚೆಕ್ ಕೂಡ ಒಳ್ಳೆಯದು, ಸುಮ್ಮನೆ ಗಲಾಟೆ ಮಾಡುವುದು ಕಡಿಮೆ.

ಇವೆಲ್ಲ ಕೋಡ್ ಓಡಿಸದೆ ನೋಡುವುದು. ಓಡಿಸಿ ನೋಡುವುದಕ್ಕೆ ಅಡ್ರೆಸ್ ಸ್ಯಾನಿಟೈಝರ್ ಇದೆ. -ಎಫ್‌ಸ್ಯಾನಿಟೈಝ್=ಅಡ್ರೆಸ್,ಅನ್‌ಡಿಫೈನ್ಡ್ ಮತ್ತು -ಜಿ ಹಾಕಿ ಬಿಲ್ಡ್ ಮಾಡಿ, ಇರುವ ಟೆಸ್ಟ್‌ಗಳನ್ನು ಓಡಿಸಿ. ಮೇಲಿನ ಸ್ವಾಗತ ಫಂಕ್ಷನ್‌ಗೆ ಆ ಉದ್ದದ ಹೆಸರು ಕೊಟ್ಟರೆ ಬಫರ್ ದಾಟಿದ ಕ್ಷಣವೇ ಪ್ರೋಗ್ರಾಂ ನಿಂತು, ಯಾವ ಸಾಲು, ಯಾವ ವೇರಿಯಬಲ್ ಅಂತ ಹೇಳುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಇದು ಟೆಸ್ಟ್ ಬಿಲ್ಡ್‌ಗೆ ಮಾತ್ರ. ಟೆಸ್ಟ್‌ಗಳಲ್ಲಿ ಕನ್ನಡ ಹೆಸರುಗಳನ್ನು, ಖಾಲಿ ಸ್ಟ್ರಿಂಗನ್ನು, ಸುಳ್ಳು ಉದ್ದ ಹೇಳುವ ಪ್ಯಾಕೆಟ್‌ಗಳನ್ನು ಸೇರಿಸಿ. ಆ ಸುಳ್ಳು ಪ್ಯಾಕೆಟ್‌ಗಳನ್ನು ಕೈಯಲ್ಲಿ ಬರೆಯುವುದು ಕಷ್ಟ ಅನ್ನಿಸಿದರೆ ಎಎಫ್‌ಎಲ್ ಥರದ ಫಝರ್ (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಪ್ರೋಗ್ರಾಂ ಕೆಡುತ್ತದಾ ನೋಡುವ ಟೂಲ್) ಅದನ್ನೇ ರಾತ್ರಿಯೆಲ್ಲ ಮಾಡುತ್ತದೆ.

ಕೊನೆಯದಾಗಿ, ಕಿತ್ತು ಹಾಕಿದ ಫಂಕ್ಷನ್‌ಗಳು ಮತ್ತೆ ಒಳಗೆ ಬರದಂತೆ ಮಾಡುವುದು. ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನೇ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಫ್ಲಾಫೈಂಡರ್‌ಗೆ --ಎರರ್-ಲೆವೆಲ್=4 ಕೊಟ್ಟರೆ ಆ ಲೆವೆಲ್‌ನ ಅಥವಾ ಅದಕ್ಕಿಂತ ಮೇಲಿನ ಹಿಟ್ ಒಂದು ಬಂದರೂ ಬಿಲ್ಡ್ ಫೇಲ್ ಆಗುತ್ತದೆ. ಗಿಟ್ ಪ್ರಾಜೆಕ್ಟ್‌ನವರದು ಇನ್ನೂ ನೇರ. ಬ್ಯಾನ್ಡ್.ಎಚ್ ಅಂತ ಒಂದು ಹೆಡರ್ ಇಟ್ಟಿದ್ದಾರೆ, ಸ್ಟ್ರ್‌ಕಾಪಿ, ಸ್ಟ್ರ್‌ಕ್ಯಾಟ್, ಸ್ಟ್ರ್‌ಎನ್‌ಕಾಪಿ, ಸ್ಪ್ರಿಂಟ್‌ಎಫ್ ಎಲ್ಲವನ್ನೂ ಅದರಲ್ಲಿ ಮ್ಯಾಕ್ರೋ ಮಾಡಿ ಕಂಪೈಲ್ ಆಗದ ಹೆಸರಿಗೆ ತಿರುಗಿಸಿದ್ದಾರೆ. ಯಾರಾದರೂ ಸ್ಟ್ರ್‌ಕಾಪಿ ಬರೆದರೆ ಕಂಪೈಲರ್ ನಿಲ್ಲಿಸಿ ತೋರಿಸುವ ಹೆಸರು ‘ಸಾರಿ_ಸ್ಟ್ರ್‌ಕಾಪಿ_ಈಸ್_ಎ_ಬ್ಯಾನ್ಡ್_ಫಂಕ್ಷನ್’. ನಿಮ್ಮ ಪ್ರಾಜೆಕ್ಟಿಗೆ ಇಂಥ ಹೆಡರ್ ಬರೆಯಲು ಹತ್ತು ನಿಮಿಷ ಸಾಕು, ಹಳೇ ಹಿಟ್‌ಗಳನ್ನೆಲ್ಲ ತೆಗೆದ ಫೈಲ್‌ಗಳಿಗೆ ಮೊದಲು ಸೇರಿಸಿ, ಉಳಿದವಕ್ಕೆ ಒಂದೊಂದಾಗಿ.